ಆನೆಗೆ ಎಷ್ಟು ಕಬ್ಬು ಕೊಡಬೇಕು?

ನಮ್ಮ ಕಡೆ 'ಬೇಡ' ಅನ್ನುವ ಮಾತಿಗೆ ಅಂಥ ಬೆಲೆಯೇನೂ ಇಲ್ಲ. ಊಟಕ್ಕೆ ಕೂತವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು 'ಬೇಡ, ಬೇಡ, ಆಣೆಗೂ ಬೇಡ' ಅಂದರೆ, ಬಡಿಸುವವರು ಆ ಕೈಗಳ ಸಂದಿಯಲ್ಲೇ ಇನ್ನೊಂದು ಹೋಳಿಗೆ ತೂರಿಸುತ್ತಾರೆ. ತೂರಿಸದೆ ಮುಂದಕ್ಕೆ ಹೋದರೋ, ಬೇಡ ಅಂದವರೇ ಊರಿಗೆ ಹೋಗಿ 'ಏನೋ ಮಾತಿಗೆ ಬೇಡ ಅಂದ್ರೆ ಹಂಗೇ ಹೊರಟೇಹೋದ್ರು ಕಣಪ್ಪ' ಎಂದು ಹೇಳಿಕೊಂಡು ತಿರುಗುತ್ತಾರೆ. ನನ್ನ ಮಗನ ಮದುವೆಯ ಬೀಗರೂಟದಲ್ಲಿ ಆದದ್ದೂ ಇದೇ. ತೆರಕಣಾಂಬಿಯ ನಮ್ಮ ಬೀಗರು, ಅಂದರೆ ಸೊಸೆಯ ತಂದೆ ಮಾದಪ್ಪನವರು, ಮಟನ್ ಚಾಪ್ಸು ಬಡಿಸಲು ಬಂದಾಗ 'ಸಾಕು' ಅಂದರು. ಬಡಿಸುವವನು ಯಾರೋ ಹೊಸಬ, ನಿಜವೆಂದು ನಂಬಿ ಪಕ್ಕದ ಎಲೆಗೆ ಹೋಗಿಬಿಟ್ಟ. ಆ ಒಂದು ಸೌಟು ಚಾಪ್ಸು ಇವತ್ತಿಗೂ ನಮ್ಮ ಎರಡು ಮನೆಗಳ ನಡುವೆ ಆರದೆ ಕೂತಿದೆ. ಅವರ ಮನೆಗೆ ಹೋದಾಗಲೆಲ್ಲ ಮಾದಪ್ಪನವರು ನನಗೆ ಬಡಿಸಿ ಬಡಿಸಿ ಸೇಡು ತೀರಿಸಿಕೊಳ್ಳುತ್ತಾರೆ. ಇದನ್ನೆಲ್ಲ ಮೊದಲೇ ಯಾಕೆ ಹೇಳುತ್ತಿದ್ದೇನೆಂದರೆ, ನನ್ನ ಸೊಸೆ ಒಂದು ದಿನ 'ಬೇಡ ಮಾವ' ಅಂದದ್ದನ್ನು ನಾನು ಈ ಪದ್ಧತಿಯಂತೆಯೇ ಅರ್ಥ ಮಾಡಿಕೊಂಡೆ. ಹಾಗೆ ಅರ್ಥ ಮಾಡಿಕೊಂಡು, ಮೊಬೈಲ್ ಆಟಗಳ ಮಾರುಕಟ್ಟೆ ಅನ್ನುವ, ನನಗೆ ಇವತ್ತಿಗೂ ತಲೆಬುಡ ತಿಳಿಯದ ವ್ಯಾಪಾರದೊಳಕ್ಕೆ ಕೈ ಹಾಕಿಬಿಟ್ಟೆ.

ನಾನು ಚಾಮರಾಜನಗರದ ಬಸ್ ಸ್ಟಾಂಡಿನಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿದ್ದು ರಿಟೈರಾದವನು. ಮೈಕು ಹಿಡಿದು 'ಸಂತೆಮರಹಳ್ಳಿ ಕಡೆ ಹೋಗುವವರು ಬೇಗ ಬೇಗ ಹತ್ತಬೇಕು' ಎಂದು ಕೂಗಿ ಕೂಗಿ ಗಂಟಲು ಎಷ್ಟು ಪಳಗಿದೆಯೆಂದರೆ, ಮನೆಯಲ್ಲಿ ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುವ ಹಾಗಿದೆ. 'ನಿಮ್ಮ ಕಿವೀಲಿ ಗುಟ್ಟು ಹೇಳೋದೂ ಒಂದೇ, ಮೈಕಲ್ಲಿ ಹೇಳೋದೂ ಒಂದೇ' ಎಂದು ನನ್ನ ಹೆಂಡತಿ ಸರೋಜ ಅನ್ನುತ್ತಾಳೆ. ಈ ತಾಲ್ಲೂಕಿನಲ್ಲಿ ನನಗೆ ಗೊತ್ತಿಲ್ಲದವರು ಕಡಿಮೆ. ಯಾವ ಹಳ್ಳಿಯಲ್ಲಿ ಇಳಿದರೂ 'ಕಂಟ್ರೋಲರ್ ಸಾರ್ ಬಂದ್ರು' ಎಂದು ಯಾರಾದರೂ ಒಬ್ಬರು ಕುರ್ಚಿ ಎಳೆಯುತ್ತಾರೆ. ಇದು ನನ್ನ ಜೀವಮಾನದ ಸಂಪಾದನೆ ಎಂದು ನಾನು ಎದೆಯುಬ್ಬಿಸಿಕೊಂಡು ಇದ್ದೆ. ಈ ಸಂಪಾದನೆಯೇ ಮನೆಗೆ ಮುಳುವಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಮಗ ಬೆಳಿಗ್ಗೆ ಡಬ್ಬಿ ಹಿಡಿದು ಡೈರಿಗೆ ಕೆಲಸಕ್ಕೆ ಹೋದರೆ ಸಂಜೆಗೇ ಬರುವುದು. ಸೊಸೆ ರೂಪ ಮನೆಯಲ್ಲೇ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾಳೆ. ಕಿವಿಗೆ ವೈರು ಸಿಕ್ಕಿಸಿಕೊಂಡು ಗುಂಡ್ಲುಪೇಟೆಯ ಗೆಳತಿ ನಾಜಿಯಾ ಜೊತೆ ದಿನವಿಡೀ ಮಾತು. ಇಬ್ಬರೂ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದೇ ಬೆಂಚು. ನಾಜಿಯಾ ತಂದೆ ರಹಮತ್ ಸಾಹೇಬ್ರು ಗುಂಡ್ಲುಪೇಟೆಯಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದಾರೆ. ನಮ್ಮ ಮನೆಯ ದಿಂಬುಗಳೆಲ್ಲ ಅವರ ಕೈಯಲ್ಲೇ ಹತ್ತಿ ತುಂಬಿಸಿಕೊಂಡವು. ಸೊಸೆಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ 'ಕಂಪ್ಯೂಟರ್ ಕೆಲಸ' ಎಂದು ಹೇಳಿ ನಾನು ಮಾತು ಬದಲಿಸುತ್ತಿದ್ದೆ, ಯಾಕೆಂದರೆ ನನಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಕೊನೆಗೆ ಒಂದು ದಿನ ಧೈರ್ಯ ಮಾಡಿ ಅವಳನ್ನೇ ಕೇಳಿದೆ. 'ಗೇಮ್ ಮಾವ' ಅಂದಳು. 'ಅಂದರೆ ಆಟವಾ?' 'ಆಟಾನೇ.' 'ಆಡೋದಾ?' 'ಮಾಡೋದು ಮಾವ. ಫೋನಲ್ಲಿ ಜನ ಆಡ್ತಾರಲ್ಲ, ಆ ಆಟ ಯಾರಾದ್ರೂ ಮಾಡ್ಬೇಕಲ್ವ?' ಮಗನಿಗೆ ಚಿಕ್ಕಂದಿನಲ್ಲಿ 'ಆಟ ಬಿಟ್ಟು ಓದೋ' ಎಂದು ಬೆತ್ತ ತೋರಿಸಿದ ಅದೇ ಮೇಜಿನ ಮೇಲೆ ಈಗ ಆಟವೇ ಉದ್ಯೋಗವಾಗಿ ಕೂತಿತ್ತು.

ಆದರೆ ಆಟ ಯಾವುದೆಂದು ತಿಳಿದಾಗ ನನ್ನ ನಿಲುವು ಪೂರ್ತಿ ಬದಲಾಯಿತು. ನಮ್ಮಲ್ಲಿಂದ ಪುಣಜನೂರು ದಾಟಿ ತಮಿಳುನಾಡಿಗೆ ಹೋಗುವ ಕಾಡುರಸ್ತೆ ಇದೆಯಲ್ಲ, ಅಲ್ಲಿ ಕಬ್ಬು ತುಂಬಿದ ಲಾರಿ ಬಂದರೆ ಆನೆ ರಸ್ತೆಗೇ ಬಂದು ನಿಲ್ಲುತ್ತದೆ. ಡ್ರೈವರು ಒಂದಿಷ್ಟು ಕಬ್ಬು ಕೆಳಕ್ಕೆ ಎಸೆದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಡಿಪೋ ಡ್ರೈವರ್ ನಂಜುಂಡ ಅಂಥ ಲಾರಿಯ ಹಿಂದೆ ಬಸ್ ನಿಲ್ಲಿಸಿಕೊಂಡು ಆನೆ ಊಟ ಮುಗಿಸುವವರೆಗೆ ಕಾದ ಕಥೆಯನ್ನು ನಾನು ರೂಪಳಿಗೆ ಯಾವಾಗಲೋ ಹೇಳಿದ್ದೆ. ಅದನ್ನೇ ಇವರಿಬ್ಬರೂ ಆಟ ಮಾಡಿದ್ದರು. ಲಾರಿ ನಮ್ಮದು, ದಾರಿಯಲ್ಲಿ ಆನೆಗಳು ಅಡ್ಡ ಬರುತ್ತವೆ. ಪ್ರತಿ ಆನೆಗೂ ಒಂದಿಷ್ಟು ಕಬ್ಬು ಕೊಡಬೇಕು. ಕಡಿಮೆ ಕೊಟ್ಟರೆ ಆನೆ ಕದಲುವುದಿಲ್ಲ, ಜಾಸ್ತಿ ಕೊಟ್ಟರೆ ಮುಂದಿನ ಆನೆಗೆ ಉಳಿಯುವುದಿಲ್ಲ. ಕಾಡು ದಾಟಿ ಫ್ಯಾಕ್ಟರಿ ಸೇರುವಾಗ ಲಾರಿಯಲ್ಲಿ ಒಂದಷ್ಟು ಲೋಡು ಉಳಿದಿದ್ದರೆ ಗೆದ್ದ ಹಾಗೆ. ನಾಜಿಯಾ ಬರೆದ ಆನೆಗಳಂತೂ ಎಷ್ಟು ಮುದ್ದಾಗಿದ್ದವೆಂದರೆ, ಸರೋಜ ಕನ್ನಡಕ ಹಾಕಿಕೊಂಡು ನೋಡಿ ಫೋನಿನ ಗಾಜನ್ನೇ ಸವರಿದಳು. ಕಥೆ ನನ್ನದಾದ್ದರಿಂದ ಈ ಆಟ ಭಾಗಶಃ ನನ್ನದೇ ಎಂದು ನಾನು ಒಳಗೊಳಗೇ ತೀರ್ಮಾನಿಸಿದೆ.

ಆಟ ಮಾಡಿದರೆ ಆಗಲಿಲ್ಲ, ಅದಕ್ಕೆ ಪಬ್ಲಿಷರ್ ಬೇಕಂತೆ. ಇಲ್ಲಿಂದ ನನ್ನ ಗೊಂದಲ ಶುರು. 'ಆಟ ಮಾಡಿದ್ದು ನೀನು, ಚಿತ್ರ ಬರೆದದ್ದು ನಾಜಿಯಾ, ಕಥೆ ನನ್ನದು, ಆಡೋದು ಜನ. ಮಧ್ಯೆ ಇವನ್ಯಾರಮ್ಮ?' ಎಂದು ಕೇಳಿದೆ. ರೂಪ ತಾಳ್ಮೆಯ ಹುಡುಗಿ, ಕೂರಿಸಿಕೊಂಡು ಹೇಳಿದಳು. ದಿನ ಬೆಳಗಾದರೆ ಲೆಕ್ಕವಿಲ್ಲದಷ್ಟು ಹೊಸ ಆಟಗಳು ಬಂದು ಬೀಳುತ್ತವಂತೆ. ಅಷ್ಟರ ನಡುವೆ ನಮ್ಮದೂ ಒಂದು ಇದೆ ಎಂದು ಜನರಿಗೆ ತಿಳಿಯಬೇಕಾದರೆ ಜಾಹೀರಾತು ಬೇಕು, ಜಾಹೀರಾತಿಗೆ ಬಂಡವಾಳ ಬೇಕು, ಬಂಡವಾಳ ಪಬ್ಲಿಷರ್ ಹತ್ತಿರ ಇರುತ್ತದೆ. 'ಹಾಗಾದರೆ ಅವನು ಆಟ ಮಾರ್ತಾನಾ?' 'ಇಲ್ಲ ಮಾವ, ಆಟ ಬಿಟ್ಟಿ.' 'ಮತ್ತೆ ದುಡ್ಡು ಎಲ್ಲಿಂದ?' 'ಆಟದ ನಡುನಡುವೆ ಜಾಹೀರಾತು ಬರುತ್ತೆ, ಅದರಿಂದ.' 'ಯಾವುದರ ಜಾಹೀರಾತು? ಸೋಪಾ?' 'ಬೇರೆ ಆಟಗಳದು.' 'ಆ ಆಟಗಳಿಗೆ ದುಡ್ಡು?' 'ಅವುಗಳಲ್ಲಿ ನಮ್ಮಂಥ ಆಟಗಳ ಜಾಹೀರಾತು ಬರುತ್ತೆ.' ಅಂದರೆ ನಾವು ಅವರ ಮನೆಗೆ ಊಟಕ್ಕೆ ಹೋಗುತ್ತೇವೆ, ಅವರು ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಅಡುಗೆ ಯಾರು ಮಾಡುತ್ತಾರೆ ಅನ್ನುವುದು ಮಾತ್ರ ನನಗೆ ತಿಳಿಯಲಿಲ್ಲ. ಕೇಳೋಣವೆಂದರೆ ಅವಳ ಅನ್ನದ ಕುಕ್ಕರ್ ಕೂಗಿತು.

ಪಬ್ಲಿಷರ್ ಕಡೆಯವನು ಒಬ್ಬ ಹುಡುಗ ವೀಡಿಯೋ ಕಾಲ್‌ನಲ್ಲಿ ಬರುತ್ತಿದ್ದ. ತಲೆಗೆ ದೊಡ್ಡ ಹೆಡ್‌ಫೋನು, ಹಿಂದುಗಡೆ ಒಂದು ಪ್ಲಾಸ್ಟಿಕ್ ಗಿಡ. ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಹತ್ತಿಲ್ಲ, ಹೆಡ್‌ಫೋನಪ್ಪ ಅಂತಲೇ ಇಟ್ಟುಕೊಳ್ಳೋಣ. ಮಾರ್ಕೆಟ್ಟು ಕೆಟ್ಟಿದೆ, ಮೊದಲಿನ ಕಾಲ ಹೋಯಿತು, ಆಗ ಎಂಥ ಚಿಕ್ಕ ಆಟ ಬಿಟ್ಟರೂ ಜನ ಮುಗಿಬೀಳುತ್ತಿದ್ದರು, ಈಗ ಒಬ್ಬನನ್ನು ಕರೆತರಲು ಆಗುವ ಖರ್ಚು ಅವನಿಂದ ಹುಟ್ಟುವುದೇ ಇಲ್ಲ ಎಂದು ಅವನು ಒಂದೇ ಸಮನೆ ಹೇಳುತ್ತಿದ್ದ. ನನಗೆ ಆ ಮಾತು ಮಾತ್ರ ಚೆನ್ನಾಗಿ ಅರ್ಥವಾಯಿತು, ಸಂತೆಮರಹಳ್ಳಿ ಸಂತೆಯಲ್ಲಿ ಟೊಮೇಟೊ ಮಾರುವವರೂ ಇದನ್ನೇ ಹೇಳುತ್ತಾರೆ. ಆದರೆ ಆಮೇಲೆ ಅವನು ಕೊಟ್ಟ ಸಲಹೆಗಳಿದ್ದಾವಲ್ಲ, ಅವು ಟೊಮೇಟೊ ವ್ಯಾಪಾರಕ್ಕೂ ಮೀರಿದವು. ಈಗ ಜನಕ್ಕೆ ಜೋಡಿಸುವ ಆಟ ಇಷ್ಟವಂತೆ. ಎರಡು ಚಿಕ್ಕ ಆನೆಗಳನ್ನು ಒತ್ತಿ ಸೇರಿಸಿದರೆ ಒಂದು ದೊಡ್ಡ ಆನೆ ಆಗುವಂತೆ ಮಾಡಲು ಸಾಧ್ಯವೇ ಎಂದು ಕೇಳಿದ. ನಾನು ಹಿಂದಿನಿಂದ 'ಆನೆ ಹಂಗೆಲ್ಲ ಆಗಲ್ಲ ಕಣಪ್ಪ' ಎಂದು ಹೇಳಿಯೇಬಿಟ್ಟೆ. ರೂಪ ಮೈಕು ಬಂದ್ ಮಾಡಿ 'ಮಾವ' ಎಂದು ಒಂದೇ ಮಾತು ಅಂದಳು. ಅವತ್ತಿನಿಂದ ಕಾಲ್ ಬಂದಾಗ ನನ್ನನ್ನು ಹಾಲು ತರಲು ಕಳಿಸುವ ಪದ್ಧತಿ ಜಾರಿಗೆ ಬಂತು.

ಆನೆಗಳು ಕೊನೆಗೂ ಸೇರದೆ ಬಿಡಿಬಿಡಿಯಾಗಿಯೇ ಉಳಿದವು. ಹೆಡ್‌ಫೋನಪ್ಪ ಒಂದು ಪರೀಕ್ಷೆಗೆ ಒಪ್ಪಿದ. ಆಟವನ್ನು ಸದ್ದಿಲ್ಲದೆ ನಮ್ಮ ರಾಜ್ಯದಲ್ಲಿ ಮಾತ್ರ ಬಿಡುವುದು, ಒಂದು ಪುಟ್ಟ ಜಾಹೀರಾತು ಹಾಕುವುದು. ಅದನ್ನು ನೋಡಿ ಬಂದವರು ಎಷ್ಟು ಹೊತ್ತು ಕೂರುತ್ತಾರೆ, ಮಾರನೆಯ ದಿನ ಎಷ್ಟು ಜನ ತಾವಾಗಿ ವಾಪಸ್ ಬರುತ್ತಾರೆ ಎಂದು ನೋಡುವುದು. ಬಂದರೆ ಪಬ್ಲಿಷರ್ ಆಟ ತೆಗೆದುಕೊಂಡು ಇಡೀ ಪ್ರಪಂಚಕ್ಕೆ ಹಂಚುತ್ತಾನೆ. ಬರದಿದ್ದರೆ ನಮಸ್ಕಾರ. ಇವರ ಹಿಂದಿನ ಆಟಗಳೆಲ್ಲ ಹೀಗೆ ನಮಸ್ಕಾರ ಹಾಕಿಸಿಕೊಂಡೇ ಬಂದಿದ್ದವಂತೆ, ನಮಗೆ ಹೇಳಿರಲಿಲ್ಲ. ಹುರುಳಿಕಾಯಿ ಮುರಿಯುತ್ತ ರೂಪ ಬಹಳ ಹಗುರಾಗಿ ಅಂದಳು: 'ಇದೇ ಕೊನೇದು ಮಾವ. ಇದೂ ಆಗ್ಲಿಲ್ಲ ಅಂದ್ರೆ ಬಿಟ್ಬಿಡ್ತೀವಿ. ನನಗೆ ಸ್ಕೂಲಲ್ಲಿ ಕಂಪ್ಯೂಟರ್ ಟೀಚರ್ ಕೆಲಸಕ್ಕೆ ಕರೀತಾ ಇದ್ದಾರೆ. ನಾಜಿಯಾ ಪ್ರೆಸ್ಸಲ್ಲಿ ಮದುವೆ ಕಾರ್ಡು ಡಿಸೈನ್ ಮಾಡೋಕೆ ಹೋಗ್ತಾಳೆ.' ಹೇಳುವಾಗ ಅವಳು ತಲೆಯೆತ್ತಲಿಲ್ಲ. ಮುರಿದ ಕಾಯಿಯನ್ನೇ ಮತ್ತೊಮ್ಮೆ ಮುರಿಯುತ್ತಿದ್ದಳು. ಈ ಮನೆಗೆ ಬಂದ ಮೇಲೆ ಆ ಹುಡುಗಿ ನನ್ನ ಹತ್ತಿರ ಏನನ್ನೂ ಕೇಳಿದವಳಲ್ಲ.

ಜಾಹೀರಾತಿಗೆ ಒಂದು ವೀಡಿಯೋ ಬೇಕಾಗಿತ್ತು, ಯಾರಾದರೂ ಆಡುತ್ತಿರುವ ಹಾಗೆ. 'ಮಾವ, ನೀವು ಆಡಿ, ಕೈ ಮಾತ್ರ ಬರುತ್ತೆ' ಅಂದಳು ರೂಪ. ನಾನು ಸ್ನಾನ ಮಾಡಿ, ಉಗುರು ಕತ್ತರಿಸಿಕೊಂಡು, ಹಳೆಯ ವಾಚು ಕಟ್ಟಿಕೊಂಡು ಕೂತೆ. ಲಾರಿ ಹೊರಟಿತು. ಮೊದಲನೇ ಆನೆ ಬಂದು ಸೊಂಡಿಲೆತ್ತಿ ನಿಂತಿತು. ನಾನು ಕೊಡಲು ಶುರು ಮಾಡಿದೆ. ಮನೆ ಬಾಗಿಲಿಗೆ ಬಂದ ಪ್ರಾಣಿಗೆ ಒಂದು ಜಲ್ಲೆ ಕೊಟ್ಟು ಸಾಗಹಾಕುವುದಕ್ಕಾಗುತ್ತದೆಯೇ? ಅದು ತಿಂದ ಹಾಗೆಲ್ಲ ಕೊಟ್ಟೆ. ಅದು ಆಗಲೇ ದಾರಿ ಬಿಟ್ಟಿತ್ತಂತೆ, ನಾನು ಗಮನಿಸಲಿಲ್ಲ. ಕಾಡಿನೊಳಕ್ಕೆ ಹೋಗುತ್ತಿದ್ದ ಅದರ ಹಿಂದೆಯೂ ಎಸೆದೆ. ಮುಂದೆ ಮರಿ ಕಟ್ಟಿಕೊಂಡು ಒಂದು ತಾಯಿ ಆನೆ ಬಂತು. ಲಾರಿ ಖಾಲಿ. ನನಗೆ ನಾಚಿಕೆಯಾಗಿ, ಮುಖ ತೋರಿಸಲಾರದೆ, ಲಾರಿಯನ್ನು ಹಿಂದಕ್ಕೆ ತೆಗೆಯಲು ಹೋದೆ, ಅದು ಹಳ್ಳಕ್ಕೆ ಬಿತ್ತು. 'ಇನ್ನೊಂದು ಸಲ ಆಡ್ಲಾ?' ಎಂದು ಕೇಳಿದೆ. ರೂಪ ಸೆರಗಿನಿಂದ ಬಾಯಿ ಮುಚ್ಚಿಕೊಂಡು, 'ಬೇಡ ಮಾವ, ತುಂಬಾ ಚೆನ್ನಾಗಿ ಬಂತು' ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಆನೆಯ ಮೇಲೆ ನಾನು ತೋರಿಸಿದ ಪ್ರೀತಿಗೆ ಮನಸ್ಸು ಕರಗಿತೆಂದು ನಾನು ತಿಳಿದುಕೊಂಡೆ.

ಪರೀಕ್ಷೆ ಶುರುವಾಗುವ ದಿನ ಅವಳು ಆಟವನ್ನು ನನ್ನ ಫೋನಿಗೂ ಹಾಕಿಕೊಟ್ಟು, 'ಮಾವ, ಒಂದು ಮಾತು. ಯಾರಿಗೂ ಹೇಳೋಕೆ ಹೋಗ್ಬೇಡಿ. ಯಾರನ್ನೂ ಕರೀಬೇಡಿ. ಬೇಡ' ಅಂದಳು. ನೋಡಿ, ಮೂರು ಸಲ ಬೇಡ! ಒಳ್ಳೆ ಮನೆತನದ ಹುಡುಗಿ, ಅತ್ತೆ ಮಾವನಿಗೆ ತೊಂದರೆ ಕೊಡಬಾರದೆಂಬ ಸಂಕೋಚ. ನಮ್ಮ ಮನೆಯ ಕೆಲಸ, ಕೊನೆಯ ಅವಕಾಶ ಬೇರೆ, ನಾವೇ ನಾಲ್ಕು ಜನರನ್ನು ಕರೆಯದೆ ಕೂತರೆ ನಾಳೆ ಊರವರು ಏನಂದಾರು? ಅಲ್ಲದೆ ಆಟದ ಕೆಳಗಡೆಯೇ 'ಹಂಚಿಕೊಳ್ಳಿ' ಎಂದು ಒಂದು ಗುಂಡಿ ಇತ್ತು. ಹಂಚುವುದು ಬೇಡವಾಗಿದ್ದರೆ ಆ ಗುಂಡಿ ಯಾಕಿಡಬೇಕು? ಸರೋಜಳನ್ನು ಕೇಳಿದರೆ ಅವಳೂ, 'ಹೌದು ಕಣ್ರೀ, ಹುಡುಗಿ ಬಾಯಿಬಿಟ್ಟು ಹೇಳ್ತಾಳಾ, ನಾವು ಅರ್ಥ ಮಾಡ್ಕೋಬೇಕು' ಅಂದಳು. ಈ ಮಾತನ್ನು ಅವಳು ಈಗ ಒಪ್ಪುವುದಿಲ್ಲ.

ಫೋನಿನಲ್ಲಿ ಕರೆದರೆ ಕರೆದ ಹಾಗಲ್ಲ, ಮನೆಗೇ ಹೋಗಿ ಕರೆಯಬೇಕು. ನಾನು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟೆ. ಮೊದಲು ಬಸ್ ಸ್ಟಾಂಡು, ಆಮೇಲೆ ಕುದೇರಿನ ನೆಂಟರು, ಸಂತೆಮರಹಳ್ಳಿಯ ಪರಿಚಯದ ಅಂಗಡಿಗಳು. ಕೂತು, ಕಾಫಿ ಕುಡಿದು, ಅವರ ಫೋನು ಈಸಿಕೊಂಡು, ಆಟ ಹಾಕಿಸಿ, 'ಮರೀದೆ ಬರಬೇಕು, ಮನೆಮಂದಿಯೆಲ್ಲ ಬರಬೇಕು' ಎಂದು ಹೇಳಿ ಎದ್ದೆ. ಮಾರನೆಯ ದಿನ ಗುಂಡ್ಲುಪೇಟೆ ಬಸ್ಸು ಹತ್ತಿದೆ. ದಾರಿಯಲ್ಲಿ ತೆರಕಣಾಂಬಿ ಬಂದರೂ ಇಳಿಯಲಿಲ್ಲ. ಬೀಗರ ಹತ್ತಿರ ಬಟನ್ ಒತ್ತುವ ಹಳೇ ಫೋನು, ಅದರಲ್ಲಿ ಆಟ ಬರುವುದಿಲ್ಲ, ಇಳಿದರೆ ಊಟ ಮಾತ್ರ ತಪ್ಪುವುದಿಲ್ಲ. ಗುಂಡ್ಲುಪೇಟೆಯಲ್ಲಿ ರಹಮತ್ ಸಾಹೇಬ್ರು ಹತ್ತಿಯ ರಾಶಿಯ ನಡುವಿನಿಂದ ಎದ್ದು ಬಂದು ಕೈ ಹಿಡಿದುಕೊಂಡರು. 'ಮಕ್ಕಳು ನಮ್ಗೂ ಏಳ್ಬೇಡಿ ಅಂದವ್ರೆ ಸಾಹೇಬ್ರೆ. ಆದ್ರೆ ನೀವೇ ಬಸ್ ಅತ್ಕಂಡು ಕರಿಯಾಕ್ ಬಂದಿದ್ದೀರಿ. ಓಗ್ದೆ ಇರಾಕಾಯ್ತದಾ?' ಎಂದು ಅವರ ಬೀದಿಯ ಅಂಗಡಿಗಳಿಗೆಲ್ಲ ನನ್ನನ್ನು ಕರೆದುಕೊಂಡು ಹೋದರು. ಪ್ರತಿ ಅಂಗಡಿಯಲ್ಲೂ ಟೀ. ಸಂಜೆ ವಾಪಸ್ ಬರುವಾಗ ನನ್ನ ಹೊಟ್ಟೆಯೂ ಮನಸ್ಸೂ ತುಂಬಿ ತುಳುಕುತ್ತಿದ್ದವು.

ಜನ ಬಂದರು. ಕರೆದ ಒಬ್ಬರೂ ತಪ್ಪಿಸಲಿಲ್ಲ. ಮನೆಗೆ ಒಂದೇ ಸಮನೆ ಫೋನು. 'ಓಗ್ಬುಟ್ಟು ಬಂದೆ ಕಣ್ ಸಾ. ಒಳ್ಳೇ ಆನೆ ಸಾ, ನೋಡ್ದೆ, ಬಂದೆ' ಎಂದ ನಂಜುಂಡ. 'ಕೂತ್ಕಳಕ್ಕೆ ಆಗ್ಲಿಲ್ಲ, ಕೆಲಸ ಇತ್ತು, ಮುಖ ತೋರ್ಸಿ ಬಂದ್ವಿ' ಎಂದರು ಕುದೇರಿನ ನೆಂಟರು. ಒಬ್ಬರಂತೂ ಆಟವನ್ನು ಫೋನಿನಿಂದ ತೆಗೆಯುವ ಮುಂಚೆ ನನ್ನ ಅಪ್ಪಣೆ ಕೇಳಿದರು: 'ಬರನಾ ಸಾರ್, ಹೊತ್ತಾಯ್ತು.' ನಾನೂ ಬಾಗಿಲ ತನಕ ಕಳಿಸುವವನ ಹಾಗೆ 'ಬಹಳ ಸಂತೋಷ, ಬಂದಿದ್ದಕ್ಕೆ' ಎಂದೆ. ರಿಸೆಪ್ಷನ್ನಿಗೆ ಹೋದವರು ಸ್ಟೇಜು ಹತ್ತಿ ಫೋಟೋಕ್ಕೆ ನಿಂತು ಇಳಿದು ಹೋಗುವುದಿಲ್ಲವೇ? ಯಾರಾದರೂ ರಾತ್ರಿಯೆಲ್ಲ ಸ್ಟೇಜಿನ ಮೇಲೆ ಕೂತಿರುತ್ತಾರೆಯೇ? ಮಾರನೆಯ ದಿನ ಮತ್ತೆ ಬಂದು ಹತ್ತುತ್ತಾರೆಯೇ?

ಹತ್ತಬೇಕಾಗಿತ್ತಂತೆ. ಲೆಕ್ಕ ಬಂದ ಬೆಳಿಗ್ಗೆ ರೂಪ ಲ್ಯಾಪ್‌ಟಾಪಿನ ಮುಂದೆ ಅಲ್ಲಾಡದೆ ಕೂತಿದ್ದಳು. ಪರದೆಯ ಮೇಲೆ ಒಂದು ಗೆರೆ ಬೆಟ್ಟದ ಹಾಗೆ ಮೇಲೇರಿ, ಹಾಗೇ ಬಾವಿಗೆ ಬಿದ್ದಿತ್ತು. ಚಾಮರಾಜನಗರ, ಗುಂಡ್ಲುಪೇಟೆಯಿಂದ ಜನ ನುಗ್ಗಿ ಬಂದಿದ್ದರು, ಕಣ್ಣು ಮಿಟುಕಿಸುವುದರೊಳಗೆ ಹೊರಟೂ ಹೋಗಿದ್ದರು, ಮಾರನೆಯ ದಿನ ಒಬ್ಬರೂ ತಿರುಗಿ ನೋಡಿರಲಿಲ್ಲ. ಇಂಥ ಆಟವನ್ನು ತಾನು ಕಂಡೇ ಇಲ್ಲ, ಜನ ಬಂದು ಹೆದರಿ ಓಡುತ್ತಿದ್ದಾರೆ ಎಂದು ಹೆಡ್‌ಫೋನಪ್ಪ ಜಾಹೀರಾತನ್ನೇ ನಿಲ್ಲಿಸಿಬಿಟ್ಟಿದ್ದ. 'ಇಲ್ಲಿ ಯಾರಿದ್ದಾರೆ ಮಾವ, ಇಷ್ಟೊಂದು ಜನ?' ಎಂದು ರೂಪ ನನ್ನ ಕಡೆ ತಿರುಗಿದಳು. ನಾನು ಬಹಳ ಖುಷಿಯಿಂದಲೇ 'ಎಲ್ಲ ನಮ್ಮವರೇ ಕಣಮ್ಮ' ಅಂದೆ. ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವಳು ಬೈಯಲಿಲ್ಲ. 'ಅಪರಿಚಿತರು ಬರಬೇಕಾಗಿತ್ತು ಮಾವ. ಆಟ ಇಷ್ಟ ಆದವರು ಮಾತ್ರ ಉಳೀಬೇಕಾಗಿತ್ತು. ಅದಕ್ಕೇ ಬೇಡ ಅಂದಿದ್ದು' ಎಂದು ಹೇಳಿ ಎದ್ದು ಹೋಗಿ ಉಪ್ಪಿಟ್ಟು ಮಾಡಿದಳು. ಬಡಿಸಿದಳು. ನಾನು ಸಾಕು ಅಂದೆ, ಅವಳು ನಿಜವಾಗಿಯೂ ನಿಲ್ಲಿಸಿಬಿಟ್ಟಳು. ಆ ಕ್ಷಣಕ್ಕೆ ನನಗಾದ ನೋವು ಹೇಳತೀರದು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸುಮ್ಮನಿರಬೇಕಾಗಿತ್ತು. ಆದರೆ ತಪ್ಪು ತಿದ್ದುವ ಹುಮ್ಮಸ್ಸಿನಲ್ಲಿ ನಾನು ಬಸ್ ಸ್ಟಾಂಡಿಗೆ ಓಡಿ, 'ಏನ್ಲಾ ನಂಜುಂಡ, ಹಂಗೆ ಹೋಗಿ ಹಿಂಗೆ ಬರೋದೇನ್ಲಾ? ಸ್ವಲ್ಪ ಹೊತ್ತು ಕೂತು ಬರಬಾರ್ದಾ?' ಎಂದೆ. ಅವನಿಗೆ ಬೇಜಾರಾಯಿತು. 'ಕೂತ್ಕತೀನಿ ಬುಡಿ ಸಾ' ಎಂದವನು ಆಟವನ್ನು ತೆರೆದಿಟ್ಟು, ಫೋನು ಚಾರ್ಜಿಗೆ ಹಾಕಿ, ಡಿಪೋದಲ್ಲಿ ಮಲಗಿಬಿಟ್ಟ. ತನ್ನ ಜೊತೆಯವರಿಗೂ ಹೇಳಿಕೊಟ್ಟ. ನಿಮ್ಮ ಊರಿನಲ್ಲಿ ಕೆಲವರು ಒಂದೂ ಕಬ್ಬು ಕೊಡದೆ ಮೊದಲನೇ ಆನೆಯನ್ನು ನೋಡುತ್ತ ದಿನಗಟ್ಟಲೆ ಕೂತಿದ್ದಾರೆ, ಇವರು ಯಾರು, ಏನಾದರೂ ತೊಂದರೆಯಲ್ಲಿದ್ದಾರೆಯೇ ಎಂದು ಹೆಡ್‌ಫೋನಪ್ಪ ಗಾಬರಿಯಿಂದ ಕೇಳಿದನಂತೆ. ಆಗ ರೂಪ ಬೇರೆ ದಾರಿ ಕಾಣದೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಮಾವ, ಬಸ್ ಸ್ಟಾಂಡು, ಇಸ್ತ್ರಿ ಅಂಗಿ, ಟೀ, ಎಲ್ಲ. 'ದಾಕ್ಷಿಣ್ಯ' ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಿದಳೋ ತಿಳಿಯದು, ಬಹಳ ಹೊತ್ತು ಹಿಡಿಯಿತು. ನಾನು ಹಾಲಿನ ಪಾತ್ರೆ ಹಿಡಿದುಕೊಂಡು ಬಾಗಿಲ ಹಿಂದೆ ನಿಂತಿದ್ದೆ.

ಕಾಲ್ ಮುಗಿಸಿ ಬಂದ ರೂಪಳ ಮುಖ ವಿಚಿತ್ರವಾಗಿತ್ತು. ದಾಕ್ಷಿಣ್ಯದವರನ್ನೆಲ್ಲ ಸೋಸಿ ತೆಗೆದು ನೋಡಿದರೆ, ಜಾಹೀರಾತು ನೋಡಿ ಬಂದ ನಾಲ್ಕಾರು ಅಪರಿಚಿತರು ನಿಜಕ್ಕೂ ಕೂತು ಆಡಿದ್ದಾರಂತೆ. ತೀರ್ಪು ಹೇಳುವುದಕ್ಕೆ ಅಷ್ಟು ಜನ ಸಾಲದು. ಆದರೆ ನಿಲ್ಲಿಸುವಷ್ಟರೊಳಗೇ ಅಷ್ಟು ಕಡಿಮೆ ಖರ್ಚಿನಲ್ಲಿ ಜನರನ್ನು ಎಳೆದು ತಂದ ಜಾಹೀರಾತನ್ನು ಹೆಡ್‌ಫೋನಪ್ಪ ಇತ್ತೀಚೆಗೆ ಕಂಡಿಲ್ಲವಂತೆ. 'ಅದಕ್ಕೇ ಇನ್ನೊಂದು ಪರೀಕ್ಷೆ ಕೊಡ್ತಾರಂತೆ ಮಾವ. ಒಂದೇ ಷರತ್ತು. ಇನ್ನೊಂದು ವೀಡಿಯೋ ಬೇಕು. ಅದೇ ಕೈ ಇರಬೇಕು.' ನಾನು ಹಿಗ್ಗಿದೆ. ಆಟದ ಯಶಸ್ಸಿಗೆ ನನ್ನ ಆಟವೇ ಕಾರಣ ಅಂದರೆ ಯಾರು ತಾನೆ ಹಿಗ್ಗುವುದಿಲ್ಲ! 'ತೋರಿಸಮ್ಮ ಆ ಜಾಹೀರಾತನ್ನ' ಎಂದೆ. ಅವಳು 'ಬೇಡ ಮಾವ, ಬೇಡ' ಅಂದಳು. ಈ ಸಲವೂ ನಾನು ಪದ್ಧತಿಯಂತೆ ಅರ್ಥ ಮಾಡಿಕೊಂಡು ಫೋನು ಕಿತ್ತುಕೊಂಡೆ. ನನ್ನ ಕೈ, ನನ್ನ ವಾಚು, ಖಾಲಿ ಲಾರಿ, ಹಳ್ಳ. ಅದರ ಮೇಲೆ ದಪ್ಪ ಅಕ್ಷರದಲ್ಲಿ, 'ಇವರಿಗಿಂತ ಚೆನ್ನಾಗಿ ನೀವು ಆಡಬಲ್ಲಿರಾ?' ಎಂದು ಬರೆದಿತ್ತು.

ಈಗಿನ ಮಾರುಕಟ್ಟೆ ಇರುವುದೇ ಹಾಗಂತೆ. ಚೆನ್ನಾಗಿ ಆಡುವುದನ್ನು ತೋರಿಸಿದರೆ ಯಾರೂ ಬರುವುದಿಲ್ಲ. ಪೆದ್ದನೊಬ್ಬ ಸೋಲುವುದನ್ನು ತೋರಿಸಿದರೆ, ನೋಡಿದವರು 'ಛೆ, ಇಷ್ಟೂ ಗೊತ್ತಾಗಲ್ವಾ, ಕೊಡಿಲ್ಲಿ' ಎಂದು ಓಡಿ ಬರುತ್ತಾರೆ. ಬೇರೆಯವರು ಪೆದ್ದನ ವೇಷ ಹಾಕಿ ನಟಿಸುತ್ತಾರಂತೆ, ಅದು ನಟನೆಯೆಂದು ಜನಕ್ಕೆ ತಿಳಿದುಬಿಡುತ್ತದಂತೆ. 'ನಿಮ್ಮದು ನಿಜವಾಗಿ ಬಂದಿದೆ ಮಾವ' ಎಂದು ರೂಪ ಸಮಾಧಾನ ಹೇಳಿದಳು. ಸಮಾಧಾನವೋ ಅದು! ಮನೆಯವರ ಮುಂದೆ ನಕ್ಕೆ, ಆದರೆ ಒಳಗೆ ಉರಿದುಹೋಯಿತು. ಅವತ್ತಿನಿಂದ ನಾನು ಗುಟ್ಟಾಗಿ ಅಭ್ಯಾಸ ಶುರು ಮಾಡಿದೆ. ಹಾಲು ತರಲು ಹೋದಾಗ ಬೂತಿನ ಹಿಂದೆ ನಿಂತು, ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಹಿತ್ತಲಲ್ಲಿ ಕೂತು ಆಡಿದೆ. ಮನಸ್ಸು ಕಲ್ಲು ಮಾಡಿಕೊಂಡೆ. ಆನೆಗೆ ಲೆಕ್ಕ ಹಾಕಿ ಜಲ್ಲೆ ಕೊಡುವುದನ್ನು ಕಲಿತೆ. ಮರಿ ಆನೆ ಎಷ್ಟೇ ಸೊಂಡಿಲು ಚಾಚಿದರೂ ಜಗ್ಗಲಿಲ್ಲ. ಕೊನೆಕೊನೆಗೆ ಅರ್ಧ ಲೋಡು ಉಳಿಸಿಕೊಂಡು ಫ್ಯಾಕ್ಟರಿ ಸೇರುವಷ್ಟು ಜಿಪುಣನಾಗಿಬಿಟ್ಟೆ.

ಹೊಸ ವೀಡಿಯೋದ ದಿನ ನಾಜಿಯಾ ಗುಂಡ್ಲುಪೇಟೆಯಿಂದ ಹೊಸ ಆನೆಗಳನ್ನು ಬರೆದು ತಂದಿದ್ದಳು. ನಾನು ವಾಚು ಕಟ್ಟಿಕೊಂಡು ಕೂತು ಲಾರಿಯನ್ನು ಬೆಣ್ಣೆಯ ಹಾಗೆ ಕಾಡು ದಾಟಿಸಿದೆ. ತಲೆಯೆತ್ತಿ ನೋಡಿದರೆ ಹುಡುಗಿಯರಿಬ್ಬರ ಮುಖವೂ ಬಿಳಿಚಿತ್ತು. 'ಅಯ್ಯೋ ಅಂಕಲ್, ನೀವು ಕಲ್ತುಬಿಟ್ಟಿದ್ದೀರ!' ಎಂದು ನಾಜಿಯಾ ತಲೆಯ ಮೇಲೆ ಕೈ ಹೊತ್ತಳು. ಬೇಕೆಂದೇ ತಪ್ಪು ಮಾಡಲು ಹೋದೆ. ನನಗೇ ಗೊತ್ತಾಯಿತು, ಅದು ನಾಟಕದ ತಪ್ಪು. ಮೂವತ್ತು ವರ್ಷ ಸರ್ವಿಸಿನಲ್ಲಿ ಯಾವ ಪ್ರಯತ್ನವೂ ಇಲ್ಲದೆ ತಪ್ಪು ಮಾಡಿದ ಮನುಷ್ಯ ನಾನು. ಈಗ ಬೇಕು ಅಂದರೆ ಒಂದೂ ಬರಲೊಲ್ಲದು. ಹೆಡ್‌ಫೋನಪ್ಪನಿಗೆ ಸಂಜೆಯೊಳಗೆ ವೀಡಿಯೋ ಕಳಿಸಬೇಕು. ಎಷ್ಟು ಸಲ ಆಡಿದರೂ ಅಷ್ಟೂ ಸಲ ಗೆದ್ದೆ. ಸೊಸೆಯ ಕೊನೆಯ ಅವಕಾಶವನ್ನು ಒಮ್ಮೆ ದಡ್ಡತನದಿಂದ ಕೆಡಿಸಿದ್ದೆ, ಈಗ ಜಾಣತನದಿಂದ ಕೆಡಿಸುತ್ತಿದ್ದೇನೆ ಅನ್ನಿಸಿ ಎಡಗೈಯಲ್ಲಿ ಆಡಿ ನೋಡಿದೆ. ಎಡಗೈಯಲ್ಲೂ ಗೆದ್ದೆ.

ರೂಪ ಎದ್ದು ಹೋಗಿ ನೀರು ಕುಡಿದು ಬಂದಳು. ನನ್ನ ಪಕ್ಕ ಕೂತು, ಫೋನಿನಲ್ಲಿ ಆಗಷ್ಟೇ ಬಂದು ನಿಂತಿದ್ದ ಮೊದಲನೇ ಆನೆಯ ಮೇಲೆ ಬೆರಳಿಟ್ಟು, ಮೆಲ್ಲಗೆ ಅಂದಳು: 'ಮಾವ, ಈ ಆನೆ ತೆರಕಣಾಂಬಿದು. ನಮ್ಮಪ್ಪನ ಕಡೇದು.'

ಅಷ್ಟೇ. ಆಮೇಲೆ ನನ್ನ ಹೆಬ್ಬೆರಳು ನನ್ನ ಮಾತು ಕೇಳಲಿಲ್ಲ. ಆನೆ ಸಾಕು ಎಂದು ತಲೆಯಾಡಿಸಿತು, ನಾನು ಬಿಡಲಿಲ್ಲ. ದಾರಿ ಬಿಟ್ಟಿತು, ಬಿಡಲಿಲ್ಲ. ಕಾಡಿನೊಳಕ್ಕೆ ಹೋಯಿತು, ಲಾರಿಯನ್ನೂ ಕಾಡಿನೊಳಕ್ಕೆ ನುಗ್ಗಿಸಿಕೊಂಡು ಹೋಗಿ ಕಟ್ಟಕಡೆಯ ಜಲ್ಲೆಯನ್ನೂ ಹಾಕಿದೆ. ಲಾರಿ ಮರಕ್ಕೆ ಗುದ್ದಿ ನಿಂತಿತು. ಇಬ್ಬರು ಹುಡುಗಿಯರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು.

ಎರಡನೇ ಪರೀಕ್ಷೆಯಲ್ಲಿ ಬಂದ ಅಪರಿಚಿತರು ಮಾರನೆಯ ದಿನವೂ ತಾವಾಗಿ ಬಂದರು, ಪಬ್ಲಿಷರ್ ಆಟ ತೆಗೆದುಕೊಂಡ. ಆ ಪರೀಕ್ಷೆ ಮುಗಿಯುವವರೆಗೆ ನನ್ನ ಫೋನು ಸರೋಜಳ ಬೀರುವಿನಲ್ಲಿ ಬೀಗ ಹಾಕಿಸಿಕೊಂಡಿತ್ತು. ಈಗ ನನ್ನ ಕೈ ಯಾವ್ಯಾವುದೋ ದೇಶಗಳಲ್ಲಿ ಓಡಾಡುತ್ತಿದೆಯಂತೆ. ನೋಡಿದವರೆಲ್ಲ ನಗುತ್ತಾರೆ, ನಕ್ಕು ಬಂದು ಆಡುತ್ತಾರೆ. ಈ ವ್ಯಾಪಾರ ಹೇಗೆ ನಡೆಯುತ್ತದೆಂದು ನನಗೆ ಈಗಲೂ ಅರ್ಥವಾಗಿಲ್ಲ. ಮೊನ್ನೆ ಮಾದಪ್ಪನವರು ಫೋನ್ ಮಾಡಿದ್ದರು. ಯಾರೋ ತಮ್ಮ ಫೋನಿನಲ್ಲಿ ಆ ವೀಡಿಯೋ ತೋರಿಸಿದರಂತೆ. 'ಬೀಗ್ರೆ, ನಾನೂ ಎರಡು ಸಲ ನೋಡ್ದೆ. ಎಲ್ರೂ ಬಿದ್ದು ಬಿದ್ದು ನಗ್ತಾವ್ರೆ, ಯಾಕೆ ಅಂತ ತಿಳೀಲಿಲ್ಲ. ಬಂದ ಆನೆಗೆ ಒಟ್ಟೆ ತುಂಬ ಆಕಿದ್ದೀರಿ. ಸರ್ಯಾಗೇ ಮಾಡಿದ್ದೀರಲ್ಲ, ಇದ್ರಲ್ಲಿ ನಗೋ ಅಂಥದ್ದೇನದೆ?' ಎಂದು ಕೇಳಿದರು. 'ನನಗೂ ತಿಳೀಲಿಲ್ಲ ಬೀಗ್ರೆ' ಎಂದೆ. ಅದು ಯಾರ ಕಡೆಯ ಆನೆ ಎಂದು ಮಾತ್ರ ನಾನು ಬಾಯಿ ಬಿಡಲಿಲ್ಲ.